ಸುಳ್ಳು ಕಾಯಿಲೆಯ ಸಲಹೆ ಯಾರಿಗೂ ಬೇಡ

ಮಾನ್ಯ ಸಂಪಾದಕರೇ,

ಸೇನೆಯಿಂದ ರಜೆಗೆ ಬಂದು ಮರಳಿ ಹೋಗಲು ಮನಸ್ಸಿಲ್ಲದ ಹುಡುಗರಿಗೆ, ‘ಬೆನ್ನುನೋವು ಅನ್ನು, ಕಿವಿ ಕೇಳಿಸುವುದಿಲ್ಲ ಅನ್ನು, ಬೋರ್ಡ್ ಔಟ್ (ವೈದ್ಯಕೀಯ ಮಂಡಳಿ ಅನರ್ಹನೆಂದು ಹೇಳಿ ಸೇವೆಯಿಂದ ಬಿಡಿಸುವುದು) ಮಾಡಿ ಕಳಿಸುತ್ತಾರೆ’ ಎಂದು ಹೇಳಿಕೊಡುವವರು ನಮ್ಮ ಹಾಸನ ಜಿಲ್ಲೆಯ ಹಳ್ಳಿಗಳಲ್ಲೂ ಇದ್ದಾರೆ. ಸೇನಾ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಸಹಾಯಕನಾಗಿದ್ದು ನಿವೃತ್ತನಾದ ನಾನು, ಈ ಮಾತನ್ನು ನಂಬಬೇಡಿರೆಂದು ಆ ಹುಡುಗರಲ್ಲಿಯೂ ಅವರ ತಂದೆತಾಯಿಯರಲ್ಲಿಯೂ ಕೇಳಿಕೊಳ್ಳುತ್ತೇನೆ.

1950ರ ಸೇನಾ ಕಾಯ್ದೆಯ 46ನೇ ಕಲಂ ಪ್ರಕಾರ ಇಲ್ಲದ ಕಾಯಿಲೆಯನ್ನು ನಟಿಸುವುದು, ಇರುವ ಕಾಯಿಲೆ ವಾಸಿಯಾಗದಂತೆ ಬೇಕೆಂದೇ ತಡಮಾಡುವುದು, ಸೇವೆಗೆ ಅನರ್ಹನಾಗಲೆಂದು ತನ್ನ ಮೈಗೆ ತಾನೇ ಗಾಯ ಮಾಡಿಕೊಳ್ಳುವುದು, ಇವೆಲ್ಲವೂ ಕೋರ್ಟ್ ಮಾರ್ಷಲ್‌ನಲ್ಲಿ (ಸೇನಾ ನ್ಯಾಯಾಲಯದಲ್ಲಿ) 7 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧಗಳು. ಕಾಯಿಲೆ ನಿಜವಾಗಿಯೇ ಇದ್ದರೂ ಸಾಮಾನ್ಯವಾಗಿ ಮೊದಲು ವೈದ್ಯಕೀಯ ಕೆಟಗರಿ (ಸೈನಿಕನ ಆರೋಗ್ಯದ ದರ್ಜೆ) ಇಳಿಸಿ, ಹಗುರವಾದ ಕೆಲಸ ಕೊಟ್ಟು, ಚಿಕಿತ್ಸೆ ನೀಡಿ, ಕೆಲವು ತಿಂಗಳ ಬಳಿಕ ಮತ್ತೆ ಪರೀಕ್ಷಿಸುತ್ತಾರೆಯೇ ಹೊರತು ಕೂಡಲೇ ಮನೆಗೆ ಕಳಿಸುವುದಿಲ್ಲ. ಕಿವಿಗೆ ಮಾಡುವ ‘ಬೇರಾ’ ಪರೀಕ್ಷೆಯಲ್ಲಂತೂ ರೋಗಿಯ ಬಾಯಿಮಾತೇ ಬೇಕಿಲ್ಲ. ಶಬ್ದಕ್ಕೆ ನರ ಸ್ಪಂದಿಸುವುದನ್ನು ಯಂತ್ರವೇ ದಾಖಲಿಸುತ್ತದೆ.

ಇದಕ್ಕಿಂತ ನನ್ನ ಮನಸ್ಸನ್ನು ಹೆಚ್ಚು ಕಲಕುವುದು ನಿಜವಾಗಿ ನರಳುವವರ ಪಾಡು. ಗಡಿಯ ಎತ್ತರದ ಠಾಣೆಗಳಲ್ಲಿ ಭಾರ ಹೊತ್ತು ಸೊಂಟ ಹಾಳುಮಾಡಿಕೊಂಡವನ ನೋವು ಎಕ್ಸ್‌ರೇಯಲ್ಲಿ ಯಾವಾಗಲೂ ಕಾಣುವುದಿಲ್ಲ. ನಿದ್ದೆ ಬಾರದೆ ಒಳಗೊಳಗೇ ಕುಸಿಯುತ್ತಿರುವವನ ಸಂಕಟವನ್ನು ಅಳೆಯುವ ಯಂತ್ರವೂ ಇಲ್ಲ. ವೈದ್ಯರು ಅವರ ಮಾತನ್ನೇ ನೆಚ್ಚಬೇಕು. ಒಬ್ಬನು ಸುಳ್ಳು ಹೇಳಿ ಸಿಕ್ಕಿಬಿದ್ದರೆ, ಅವನ ನಂತರ ಅದೇ ವಾರ್ಡಿಗೆ ಬಂದವನನ್ನು ಎಲ್ಲರೂ ಅನುಮಾನದಿಂದ ನೋಡುವುದನ್ನು ನಾನು ಕಂಡಿದ್ದೇನೆ. ಹೇಡಿ ಎನಿಸಿಕೊಳ್ಳುವ ಅಂಜಿಕೆಯಿಂದ ಮೊದಲೇ ಬಾಯಿಬಿಡದ ಸೈನಿಕ, ಹೀಗಾದ ಮೇಲೆ ವೈದ್ಯರ ಬಳಿ ಸುಳಿಯುವುದೇ ಇಲ್ಲ.

ಹಾಗೆಂದು ಈ ಹುಡುಗರನ್ನು ಬರಿದೇ ಹಳಿಯುವುದೂ ನ್ಯಾಯವಲ್ಲ. ತಂದೆ ಹಾಸಿಗೆ ಹಿಡಿದು, ಆಲೂಗಡ್ಡೆ, ಶುಂಠಿ ಬೆಳೆಗೆಂದು ಮಾಡಿದ ಸಾಲ ತೀರದೆ, ಮನೆಯಲ್ಲಿ ನೋಡಿಕೊಳ್ಳುವವರೇ ಇಲ್ಲದಿರುವಾಗ ದೂರದಲ್ಲಿರುವ ಮಗನ ಮನಸ್ಸು ಕೆಲಸದಲ್ಲಿ ನಿಲ್ಲುವುದು ಕಷ್ಟ. ಆ ಕಷ್ಟವನ್ನು ಇದ್ದುದು ಇದ್ದಂತೆ ಬರೆದು ಕಮಾಂಡಿಂಗ್ ಆಫೀಸರಿಗೆ ಅರ್ಜಿ ಕೊಡಬಹುದು. 1954ರ ಸೇನಾ ನಿಯಮಗಳ 13ನೇ ನಿಯಮದಲ್ಲಿ ಸ್ವಂತ ಕೋರಿಕೆಯ ಮೇರೆಗೆ ಬಿಡುಗಡೆಗೆ ಅವಕಾಶವಿದೆ. ಅದು ಹಕ್ಕಲ್ಲ, ಅಧಿಕಾರಿಗಳು ಕಾರಣವನ್ನು ಒಪ್ಪಬೇಕು. 2022ರ ಅಗ್ನಿಪಥ ಯೋಜನೆಯಡಿ ಸೇರಿದವರಿಗೆ 4 ವರ್ಷ ತುಂಬುವ ಮೊದಲು ತೀರಾ ಅಪರೂಪದ ಸಂದರ್ಭಗಳಲ್ಲಿ ಮಾತ್ರ ಅನುಮತಿ ಸಿಗುತ್ತದೆ. ಬಾಧಿಸುತ್ತಿರುವುದು ಮನಸ್ಸಿನ ತೊಂದರೆಯಾದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು. ಸೈನಿಕರಿಗೆಂದೇ ಅದರ ವಿಶೇಷ ಘಟಕವೊಂದು 2023ರ ಡಿಸೆಂಬರಿನಲ್ಲಿ ಪುಣೆಯ ಸಶಸ್ತ್ರ ಪಡೆಗಳ ವೈದ್ಯಕೀಯ ಕಾಲೇಜಿನಲ್ಲಿ ಆರಂಭವಾಗಿದೆ.

ಭರ್ತಿಯಾದ ಹುಡುಗರು ತರಬೇತಿಗೆ ಹೊರಡುವ ಮುನ್ನವೇ ಅವರನ್ನೂ ಮನೆಯವರನ್ನೂ ತಾಲ್ಲೂಕು ಕೇಂದ್ರಗಳಲ್ಲಿ ಸೇರಿಸಿ ಈ ವಿಷಯಗಳನ್ನು ಕನ್ನಡದಲ್ಲಿ ತಿಳಿಹೇಳುವ ವ್ಯವಸ್ಥೆಯನ್ನು ಜಿಲ್ಲೆಯ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯವರು ಮಾಡಬೇಕೆಂದು ಕೋರುತ್ತೇನೆ. ಅಂತಹ ಸಭೆಗಳಿಗೆ ಬಂದು ಮಾತನಾಡಲು ನನ್ನಂತಹ ಮಾಜಿ ಸೈನಿಕರು ಸಿದ್ಧರಿದ್ದೇವೆ.

– ಒಬ್ಬ ಮಾಜಿ ಸೈನಿಕ, ಅರಕಲಗೂಡು, ಹಾಸನ ಜಿಲ್ಲೆ