ಬಚ್ಚಲ ಬಾಗಿಲ ಬೋಲ್ಟು

ಕ್ಷೇಮ
ವುಲ್ವರ್‌ಹ್ಯಾಂಪ್ಟನ್, ಶುಕ್ರವಾರ

ತೀರ್ಥರೂಪ ಅಪ್ಪನವರಿಗೆ ಮಗಳು ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಉಭಯ ಕುಶಲೋಪರಿ. ಇಲ್ಲಿ ನಾವೆಲ್ಲ ಆರಾಮ. ಚಳಿ ಅಂಥದ್ದೇನಿಲ್ಲ, ಊಟ ಹೊತ್ತುಹೊತ್ತಿಗೆ ಆಗುತ್ತಿದೆ, ಅಮ್ಮ ಕಳಿಸಿದ ಮಾವಿನಮಿಡಿ ಇನ್ನೂ ಅರ್ಧ ಭರಣಿ ಉಳಿದಿದೆ.

ನಿಮ್ಮ ಪತ್ರ ಮೊನ್ನೆ ಬಂತು. ನಾಲ್ಕು ಪುಟವೂ ಇಂಗ್ಲಿಷ್ ಶಬ್ದಗಳ ಪ್ರಶ್ನೆ, ಆರೋಗ್ಯಕ್ಕೆ ಮಾತ್ರ ಅರ್ಧ ಸಾಲು: ‘ಇಲ್ಲಿ ಎಲ್ಲ ಕ್ಷೇಮ.’ ಅದರ ಪಕ್ಕದ ಅಂಚಿನಲ್ಲಿ ಅಮ್ಮ ಪೆನ್ಸಿಲ್ಲಿನಲ್ಲಿ ಗೀಚಿದ್ದನ್ನು ನೋಡದೆ ಕವರು ಅಂಟಿಸಿದ್ದೀರಿ. ಮಂಗಳವಾರ ಸ್ನಾನಕ್ಕೆ ಹೋದವರು ತಲೆ ಸುತ್ತಿ ಕೂತುಬಿಟ್ಟಿದ್ದು, ಒಳಗಿನಿಂದ ಮೇಲಿನದೂ ಕೆಳಗಿನದೂ ಎರಡೂ ಬೋಲ್ಟು ಹಾಕಿಕೊಂಡಿದ್ದು, ಕೂಗಿದರೆ ಹತ್ತು ನಿಮಿಷ ಉತ್ತರವಿಲ್ಲದ್ದು, ಪುಟ್ಟಣ್ಣ ಹಾರೆ ತರಲು ಓಡಿದ್ದು, ಎಲ್ಲ ಗೊತ್ತಾಯಿತು. ಅಮ್ಮನಿಗೆ ಬಯ್ಯಬೇಡಿ.

ಮೊದಲು ನಿಮ್ಮ ಪ್ರಶ್ನೆಗಳಿಗೇ ಉತ್ತರ ಬರೆಯುತ್ತೇನೆ. ಇಲ್ಲದಿದ್ದರೆ ಉಳಿದದ್ದನ್ನು ನೀವು ಓದುವುದಿಲ್ಲ.

ಫಾಸ್ಟ್ ಅಂದರೆ ವೇಗವೂ ಹೌದು, ಅಲುಗದ್ದೂ ಹೌದು, ಉಪವಾಸವೂ ಹೌದು, ಇದೆಂಥ ಭಾಷೆ ಅಂತ ಕೇಳಿದ್ದೀರಿ. ಮೂರಕ್ಕೂ ಬೇರು ಒಂದೇ. ಹಳೆಯ ಇಂಗ್ಲಿಷಿನಲ್ಲಿ ಅದರ ಅರ್ಥ ಗಟ್ಟಿ, ಬಿಗಿ. ಬಿಗಿದು ಕಟ್ಟು ಅನ್ನುವ ಅರ್ಥದ ಫಾಸನ್ (fasten) ಕ್ರಿಯಾಪದ ಅದರಿಂದಲೇ ಬಂದದ್ದು. ನಡುವಿನ ‘ಟಿ’ ಕಾಗದದ ಮೇಲೆ ಮಾತ್ರ, ಬಾಯಲ್ಲಿಲ್ಲ. ಬಣ್ಣ ಬಿಡದ ಬಟ್ಟೆಗೆ ಫಾಸ್ಟ್ ಕಲರ್ ಅನ್ನುವುದೂ ಈ ಬಿಗಿಯೇ. ಬಿಗಿಯಾಗಿ ಅನ್ನುವುದು ಜೋರಾಗಿ ಅಂತಾಯಿತು, ಜೋರಾಗಿ ಓಡುವುದು ಬೇಗ ಓಡುವುದಾಯಿತು. ನಾವೂ ‘ಹಗ್ಗ ಜೋರಾಗಿ ಹಿಡ್ಕೋ’ ಅನ್ನುತ್ತೇವೆ, ‘ಜೋರಾಗಿ ಓಡು’ ಅಂತಲೂ ಅನ್ನುತ್ತೇವೆ, ಯಾರೂ ಗಲಿಬಿಲಿಯಾಗುವುದಿಲ್ಲ. ಉಪವಾಸದ ಫಾಸ್ಟ್ ಅಂದರೆ ನಿಯಮವನ್ನು ಗಟ್ಟಿಯಾಗಿ ಹಿಡಿಯುವುದು. ಅಜ್ಜಿ ಏಕಾದಶಿ ‘ಹಿಡಿಯುತ್ತಿದ್ದಳಲ್ಲ’, ಅದೇ ಹಿಡಿತ.

ಬೋಲ್ಟಿನದು ಇನ್ನೂ ತಮಾಷೆ. ಮೊದಲಿಗೆ ಅದಕ್ಕೂ ಬಾಗಿಲಿಗೂ ಸಂಬಂಧವೇ ಇರಲಿಲ್ಲ. ಅಡ್ಡಬಿಲ್ಲಿನಿಂದ ಬಿಡುವ ಗಿಡ್ಡ, ದಪ್ಪ ಬಾಣಕ್ಕೆ ಬೋಲ್ಟ್ ಅನ್ನುತ್ತಿದ್ದರು. ಕುದುರೆ ಬೆದರಿ ಕಿತ್ತುಕೊಂಡು ಓಡಿದರೆ ಬೋಲ್ಟ್, ಸಿಡಿಲು ಬಡಿದರೆ ಬೋಲ್ಟ್, ಬಾಣದ ಹಾಗೆ ನೆಟ್ಟಗೆ ಕೂತರೆ ಬೋಲ್ಟ್ ಅಪ್‌ರೈಟ್. ಆಮೇಲೆ ಬಾಣದ ಆಕಾರದ ಕಬ್ಬಿಣದ ಸರಳು ಬಾಗಿಲಿಗೆ ಬಂತು, ಹೆಸರೂ ಜೊತೆಗೇ ಬಂತು. ಹೀಗಾಗಿ ಒಂದೇ ಶಬ್ದಕ್ಕೆ ಕಟ್ಟಿಹಾಕುವುದೂ ಅರ್ಥ, ಕಿತ್ತು ಓಡುವುದೂ ಅರ್ಥ. ನಿಮ್ಮ ಬಚ್ಚಲ ಬಾಗಿಲಿನ ಎರಡು ಬೋಲ್ಟುಗಳಿಗೆ ಮೊದಲನೆಯ ಅರ್ಥ ಮಾತ್ರ ಗೊತ್ತು. ಅದೇ ಈಗಿನ ತೊಂದರೆ.

ಬೋಲ್ಟು ಒಳಗಿರುವವರ ಕೈಗೆ ಮಾತ್ರ ಸಿಗುತ್ತದೆ. ಆ ಕೈ ಸೋತರೆ ಹಾರೆಯೇ ಗತಿ. ಲ್ಯಾಚ್ ಹಾಗಲ್ಲ. ಅದು ‘ಹಿಡಿ’ ಅನ್ನುವ ಹಳೆಯ ಇಂಗ್ಲಿಷ್ ಕ್ರಿಯಾಪದದಿಂದ ಬಂದದ್ದು: ತಾನಾಗಿ ಹಿಡಿದುಕೊಳ್ಳುತ್ತದೆ, ಯಾವ ಕಡೆಯಿಂದಲಾದರೂ ಬಿಡಿಸಬಹುದು. ನಮ್ಮ ಬಚ್ಚಲಿಗೆ ಬೇಕಾದದ್ದು ಅಂಥದ್ದು.

ಇಲ್ಲಿಯವರ ಮನೆಗಳ ಬಚ್ಚಲ ಬಾಗಿಲಲ್ಲಿ ಒಳಗೆ ತಿರುಗಿಸುವ ಕಿವಿ ಇರುತ್ತದೆ, ಹೊರಗೆ ಗುಂಡನೆಯ ಬಿಲ್ಲೆ, ಬಿಲ್ಲೆಯ ನಡುವೆ ಒಂದು ಸೀಳು. ಆ ಸೀಳಿಗೆ ನಾಣ್ಯ ಇಟ್ಟು ತಿರುಗಿಸಿದರೆ ಹೊರಗಿನಿಂದಲೇ ತೆರೆಯುತ್ತದೆ. ನಾಣ್ಯ ಅಂದಕೂಡಲೇ ಒಂದು ಮಾತು: ಇಲ್ಲಿನ ಹಿರಿಯರು ಶೌಚಕ್ಕೆ ಹೋಗುವಾಗ ‘ಒಂದು ಪೆನ್ನಿ ಖರ್ಚು ಮಾಡಿ ಬರ್ತೀನಿ’ ಅನ್ನುತ್ತಾರೆ. ಸಾರ್ವಜನಿಕ ಶೌಚಾಲಯದ ಬಾಗಿಲಿಗೆ ಒಂದು ಪೆನ್ನಿ ಹಾಕಿದರೆ ತೆರೆಯುವ ಬೀಗ ಇದ್ದ ಕಾಲದ ಮಾತು ಅದು. ಬೀಗ ಹೋಯಿತು, ಮಾತು ಉಳಿಯಿತು.

ನಮ್ಮಲ್ಲೂ ಹಾರ್ಡ್‌ವೇರ್ ಅಂಗಡಿಯಲ್ಲಿ ಬಾತ್‌ರೂಮ್ ಲಾಕ್ ಅಂತ ಕೇಳಿದರೆ ಕೊಡುತ್ತಾರೆ. ತರುವ ಮೊದಲು ಬಾಗಿಲ ದಪ್ಪ ಅಳೆಯಬೇಕು. 35 ಮಿ.ಮೀ. ಅಥವಾ ಹೆಚ್ಚಿದ್ದರೆ ಗುಂಡು ಹಿಡಿಯ ಲಾಕು ಕೂರುತ್ತದೆ. ಅದಕ್ಕೆ ಬಾಗಿಲ ಮುಖದಲ್ಲಿ 54 ಮಿ.ಮೀ. ತೂತು, ಅಂಚಿನಲ್ಲಿ 25 ಮಿ.ಮೀ. ತೂತು, ಅಂಚಿನಿಂದ ದೊಡ್ಡ ತೂತಿನ ನಡುವಿಗೆ 60 ಅಥವಾ 70 ಮಿ.ಮೀ., ಯಾವುದು ಅಂತ ಡಬ್ಬಿಯ ಮೇಲೆ ಇರುತ್ತದೆ. ಹೊರಗಿನ ಹಿಡಿಯಲ್ಲಿ ನಾಣ್ಯದ ಸೀಳೋ ಮೊಳೆ ತೂರಿಸುವ ತೂತೋ ಇರುವುದನ್ನೇ ತರಬೇಕು. ಎರಡೂ ಕಡೆ ಕೀ ಇರುವ ಮಲಗುವ ಕೋಣೆಯ ಲಾಕು ಬೇಡ. ಒದ್ದೆ ಕೈಯಲ್ಲಿ ಕೀ ಹುಡುಕುವುದು ಆಗದ ಮಾತು.

ಆದರೆ ನಮ್ಮದು ಹಳೆಯ ಹಲಗೆ ಬಾಗಿಲು, ಒಂದಂಗುಲವೂ ಇರಲಿಕ್ಕಿಲ್ಲ. ಹಾಗಿದ್ದರೆ ಬಾಗಿಲ ಮೈಮೇಲೆ ಕೂರಿಸುವ ಇಂಡಿಕೇಟರ್ ಬೋಲ್ಟೇ ಸರಿ. ಹೆಸರು ಬೋಲ್ಟು, ಗುಣ ಲ್ಯಾಚಿನದು. ಒಳಗಿನ ಭಾಗ ನಾಲ್ಕು ತಿರುಪಿನಲ್ಲಿ ನಿಲ್ಲುತ್ತದೆ, ನಡುವಿನ ಸರಳು ಒಂದೇ ತೂತಿನಲ್ಲಿ ಬಾಗಿಲು ದಾಟಿ ಹೊರಗಿನ ಬಿಲ್ಲೆಗೆ ಸೇರುತ್ತದೆ. ಹಾಕಿದ್ದರೆ ಹೊರಗೆ ಕೆಂಪು ಕಾಣುತ್ತದೆ, ತೆಗೆದಿದ್ದರೆ ಹಸಿರು ಅಥವಾ ಬಿಳಿ. ಆಚಾರ್ರಿಗೆ ಮೂರು ಮಾತು ಹೇಳಿ. ತೂತು ಓರೆಯಾದರೆ ಸರಳು ಉಜ್ಜಿ ಬಿಗಿಯುತ್ತದೆ, ಆದ್ದರಿಂದ ಎರಡೂ ಕಡೆಯಿಂದ ಗುರುತು ಹಾಕಿ ಅರ್ಧರ್ಧ ಕೊರೆಯಬೇಕು. ಸರಳು ಉದ್ದವಾದರೆ ಗರಗಸದಲ್ಲಿ ಕತ್ತರಿಸಬೇಕು. ಸುತ್ತಿಗೆಯಲ್ಲಿ ಬಡಿದು ಕೂರಿಸಬಾರದು. ಹಳೆಯ ತಿರುಪಿನ ತೂತಿನಲ್ಲೇ ಹೊಸ ತಿರುಪು ಹಾಕಿದರೆ ಹಿಡಿಯುವುದಿಲ್ಲ, ಬೆಂಕಿಕಡ್ಡಿಗೆ ಫೆವಿಕಾಲ್ ಸವರಿ ತುಂಬಿ ಒಂದು ದಿನ ಬಿಟ್ಟು ಹಾಕಬೇಕು. ಎತ್ತರ ನೆಲದಿಂದ ಮೂರಡಿ. ಹಳೆಯ ಬೋಲ್ಟು ಎರಡನ್ನೂ ಕಿತ್ತು ಎಸೆಯಿರಿ. ‘ಇರಲಿ ಬಿಡು’ ಅಂದರೆ ನೀವು ಅದನ್ನೇ ಹಾಕಿಕೊಳ್ಳುತ್ತೀರಿ, ನನಗೆ ಗೊತ್ತು. ಮಳೆಗಾಲದಲ್ಲಿ ಮರ ಉಬ್ಬಿ ಮೇಲಿನ ಬೋಲ್ಟು ತೂತಿಗೆ ಸರಿಯಾಗಿ ಕೂರುವುದಿಲ್ಲ, ನೀವು ಕೈ ಎತ್ತಿ ಗುದ್ದಿ ಗುದ್ದಿ ಕೂರಿಸುತ್ತೀರಿ. ತಲೆ ಸುತ್ತುವಾಗ ಕೈ ಎತ್ತಿ ಅದನ್ನು ಎಳೆಯಲು ಯಾರಿಂದಾದೀತು?

ಇನ್ನೊಂದು, ಬಾಗಿಲು ಒಳಕ್ಕೆ ತೆರೆಯುತ್ತದೆ. ಬಿದ್ದವರು ಬಾಗಿಲಿಗೇ ಅಡ್ಡ ಬಿದ್ದರೆ ಯಾವ ಲಾಕು ತೆಗೆದರೂ ತಳ್ಳಲು ಆಗುವುದಿಲ್ಲ. ಹೊರಕ್ಕೆ ತೆರೆಯುವಂತೆ ಮಾಡಿಸಿ. ದಾರಂದದ ಕಚ್ಚು ಒಳಮುಖಕ್ಕಿದೆ, ಅದಕ್ಕೆ ಮುಕ್ಕಾಲು ಅಂಗುಲದ ಮರದ ಪಟ್ಟಿ ತುಂಬಿ, ಬಿಜಾಗ್ರಿ ಹೊರಮುಖಕ್ಕೆ ತರಬೇಕು. ಒಂದು ದಿನದ ಕೆಲಸ. (ಬಿಜಾಗ್ರಿ ಪೋರ್ಚುಗೀಸರದು, ಅವರ ‘ಬಿಸಾಗ್ರ’. ಚಾವಿಯೂ ಅವರ ‘ಶಾವೆ’ಯಿಂದ ಬಂತು, ಅದರ ಮೂಲ ಲ್ಯಾಟಿನ್ನಿನ ‘ಕ್ಲಾವಿಸ್’. ಪೋಪನನ್ನು ಆರಿಸಲು ಬೀಗ ಹಾಕಿದ ಕೋಣೆಯಲ್ಲಿ ಕೂರುತ್ತಾರಲ್ಲ, ಆ ಕಾನ್‌ಕ್ಲೇವ್ ಅದೇ ಬಳಗದ್ದು. ಕತ್ತಿನ ಕೆಳಗಿನ ಕ್ಲಾವಿಕಲ್ ಎಲುಬು ಅಂದರೆ ‘ಪುಟ್ಟ ಚಾವಿ’. ಇದು ನಿಮಗೆ ಲಂಚ.)

ಆಚಾರ್ರು ಬರುವವರೆಗೆ ಬೋಲ್ಟು ಹಾಕಲೇಬೇಡಿ. ಒಂದು ಮ್ಯಾಗ್ನೆಟ್ ಕ್ಯಾಚ್ ಹಾಕಿಸಿದರೆ ಬಾಗಿಲು ತಾನೇ ಮುಚ್ಚಿ ನಿಲ್ಲುತ್ತದೆ, ಹೊರಗೆ ಮೊಳೆಗೆ ನಿಮ್ಮ ಕೆಂಪು ಪಂಚೆ ನೇತುಹಾಕಿದರೆ ಒಳಗೆ ಯಾರೋ ಇದ್ದಾರೆ ಅಂತ ಊರಿಗೆಲ್ಲ ಗೊತ್ತಾಗುತ್ತದೆ.

ಇಲ್ಲಿ ಕಂಡ ಒಂದು ವ್ಯವಸ್ಥೆ ನಿಮಗೆ ಇಷ್ಟವಾದೀತು. ಅಂಗವಿಕಲರ ಶೌಚಾಲಯಗಳಲ್ಲಿ ಸೂರಿನಿಂದ ಕೆಂಪು ದಾರ ಇಳಿಬಿಟ್ಟಿರುತ್ತಾರೆ, ಎಳೆದರೆ ಹೊರಗೆ ಗಂಟೆ ಬಡಿಯುತ್ತದೆ. ದಾರಕ್ಕೆ 50 ಮಿ.ಮೀ. ವ್ಯಾಸದ ಎರಡು ಕೆಂಪು ಬಳೆ: ಒಂದು ನೆಲದಿಂದ 800ರಿಂದ 1000 ಮಿ.ಮೀ. ಎತ್ತರದಲ್ಲಿ, ಇನ್ನೊಂದು ನೆಲದಿಂದ ಬರೀ 100 ಮಿ.ಮೀ.ನಲ್ಲಿ, ಬಿದ್ದವರ ಕೈಗೆ ಸಿಗಲಿ ಅಂತ. ಸರ್ಕಾರದ ಕಟ್ಟಡ ನಿಯಮದ ಪುಸ್ತಕದಲ್ಲೇ ಅದಕ್ಕೆ ಬ್ಯಾಂಗಲ್ ಅಂತ ಬರೆದಿದ್ದಾರೆ. ಅದು ಹಿಂದಿಯಿಂದ ಹೋದ ಶಬ್ದ. ಬಿದ್ದವರನ್ನು ಎಬ್ಬಿಸಲು ಈ ರಾಜನ ದೇಶಕ್ಕೆ ನಮ್ಮ ಬಳೆಯೇ ಬೇಕಾಯಿತು! ಆದರೆ ನೆಲ ಒರೆಸುವವರು ಅಡ್ಡ ಬರುತ್ತದೆಂದು ದಾರವನ್ನು ಮೇಲಕ್ಕೆ ಸುತ್ತಿ ಕಟ್ಟಿಬಿಡುತ್ತಾರೆ, ಆಮೇಲೆ ಅದು ಇದ್ದೂ ಇಲ್ಲದ ಹಾಗೆ. ನಮ್ಮಲ್ಲಿ ದಾರ ಬೇಡ. ಬ್ಯಾಟರಿಯ ವೈರ್‌ಲೆಸ್ ಕಾಲಿಂಗ್ ಬೆಲ್ ಸಿಗುತ್ತದಲ್ಲ, ಅದರ ಗುಂಡಿಯನ್ನು ನೆಲದಿಂದ ಒಂದಡಿ ಎತ್ತರದಲ್ಲಿ, ನೀರು ನೇರ ಬೀಳದ ಗೋಡೆಗೆ ಅಂಟಿಸಿ, ಗಂಟೆಯನ್ನು ಅಡಿಗೆಮನೆಯಲ್ಲಿಡಿ. ಕರೆಂಟಿನ ಬೆಲ್ಲು ಬಚ್ಚಲೊಳಗೆ ಬೇಡವೇ ಬೇಡ. ತಿಂಗಳಿಗೊಮ್ಮೆ ಒತ್ತಿ ನೋಡಿ.

ರಾತ್ರಿ ಜಗಲಿಯ ಗ್ರಿಲ್ಲಿಗೆ ಒಳಗಿನಿಂದ ಬೀಗ ಹಾಕಿ ಬೀಗದಕೈ ದಿಂಬಿನಡಿ ಇಟ್ಟುಕೊಳ್ಳುತ್ತೀರಂತೆ. ಅದನ್ನೂ ಬಿಡಿ. ಗ್ರಿಲ್ಲಿನಿಂದ ಕೈ ಚಾಚಿದರೂ ಎಟುಕದ, ಅಮ್ಮನಿಗೆ ಕತ್ತಲಲ್ಲೂ ಸಿಗುವ ಒಂದು ಮೊಳೆಗೆ ತೂಗುಹಾಕಿ. ಇನ್ನೊಂದು ಬೀಗದಕೈ ಪುಟ್ಟಣ್ಣನ ಮನೆಯಲ್ಲಿರಲಿ.

ಉಳಿದ ಪ್ರಶ್ನೆಗಳಿಗೆ ಬೇಗ ಬೇಗ ಹೇಳಿಬಿಡುತ್ತೇನೆ. ಜೈಲೂ ಪಂಜರದ ಕೇಜೂ ಒಂದೇ ಲ್ಯಾಟಿನ್ ಬೇರಿನವು. ಹಳೆಯ ಪುಸ್ತಕದಲ್ಲಿ ನೀವು ‘ಗೋಲ್’ (gaol) ಅಂತ ಓದಿ ತಪ್ಪು ಅಂದುಕೊಂಡದ್ದು ಅಚ್ಚಿನ ತಪ್ಪಲ್ಲ; ಜೈಲನ್ನು ಇಲ್ಲಿ ಹಾಗೂ ಬರೆಯುತ್ತಿದ್ದರು, ‘ಜೈಲ್’ ಅಂತಲೇ ಓದಬೇಕು. ಡಂಜನ್ ಮೊದಲು ಸೆರೆಯ ನೆಲಮಾಳಿಗೆಯಲ್ಲ, ಕೋಟೆಯ ಒಡೆಯನ ಗೋಪುರ. ಕಾಲುಬೇಡಿಯ ಫೆಟರ್ ಕಾಲಿನ ಫುಟ್‌ಗೆ ನೆಂಟ, ಕೈಬೇಡಿಯ ಮ್ಯಾನಕಲ್ ಲ್ಯಾಟಿನ್ನಿನ ‘ಪುಟ್ಟ ಕೈ’. ನಮ್ಮ ಕೈಕೋಳದಲ್ಲೂ ಕೈ ಇದೆಯಲ್ಲ. ಬಕಲ್ ಅಂದರೆ ‘ಪುಟ್ಟ ಕೆನ್ನೆ’, ಶಿರಸ್ತ್ರಾಣದ ಕೆನ್ನೆಪಟ್ಟಿಯಿಂದ ಬಂದದ್ದು. ಬಟನ್ ಫ್ರೆಂಚರ ಮೊಗ್ಗು. ದನದ ದೊಡ್ಡಿಗೆ ಪೌಂಡ್ ಅನ್ನುತ್ತಿದ್ದರಲ್ಲ, ಕೊಳದ ಪಾಂಡ್ ಅದರದ್ದೇ ಇನ್ನೊಂದು ರೂಪ: ಕಟ್ಟೆ ಕಟ್ಟಿ ಕೂಡಿಟ್ಟ ನೀರು. ಕೂಡಿಹಾಕುವ ಕನ್‌ಫೈನ್‌ಮೆಂಟಿನ ಒಳಗಿರುವುದು ‘ಎಲ್ಲೆ’. ಹಳೆಯ ಇಂಗ್ಲಿಷ್ ಪತ್ರಗಳಲ್ಲಿ ಹೆರಿಗೆ, ಬಾಣಂತನಕ್ಕೂ ಅದೇ ಶಬ್ದ, ಅಮ್ಮನಿಗೆ ಹೇಳಿದರೆ ‘ಸರಿಯಾಗೇ ಇಟ್ಟಿದ್ದಾರೆ’ ಅಂದಾಳು. ಬೈಂಡ್ ನಮ್ಮ ಬಂಧಕ್ಕೆ ದಾಯಾದಿ, ನೊಗದ ಯೋಕ್ ನೊಗವೆಂದೇ ಅರ್ಥದ ಸಂಸ್ಕೃತದ ಯುಗಕ್ಕೆ.

ಮದುವೆಗೆ ಹೇಳುವ ವೆಡ್‌ಲಾಕಿನಲ್ಲಿ ಬೀಗ ಇದೆಯೇ ಅಂತ ಚಿಕ್ಕಪ್ಪ ಕೇಳಿದ್ದಾರಂತೆ. ಇಲ್ಲ ಅನ್ನಿ. ಅಲ್ಲಿನ ಲಾಕ್ ಹಳೆಯ ಪ್ರತ್ಯಯ, ವೆಡ್ ಅಂದರೆ ವಚನ. ಬೀಗ ಬರುವುದು ಬೀಗರ ಜೊತೆಗೆ, ಅದು ಕನ್ನಡದಲ್ಲಿ ಮಾತ್ರ.

ಇನ್ನು ಸೆಕ್ಯೂರ್. ಲ್ಯಾಟಿನ್ನಿನಲ್ಲಿ ಅದು ‘ಚಿಂತೆ ಇಲ್ಲದ’ ಅಂತ, ಅಷ್ಟೇ. ಬೀಗ, ಕಂಬಿ ಯಾವುದೂ ಅದರಲ್ಲಿಲ್ಲ. ನೀವು ಎರಡು ಬೋಲ್ಟು ಹಾಕಿಕೊಂಡರೆ ನಿಶ್ಚಿಂತೆ ನಿಮಗೊಬ್ಬರಿಗೆ, ಬಾಗಿಲ ಹೊರಗೆ ನಿಂತ ಅಮ್ಮನಿಗಲ್ಲ. ಅವಳು ನವರಾತ್ರಿಯಲ್ಲಿ ಸಪ್ತಶತಿಗೆ ಮುಂಚೆ ಕವಚ, ಅರ್ಗಲಾ, ಕೀಲಕ ಓದುತ್ತಾಳಲ್ಲ. ಅರ್ಗಲ ಅಂದರೆ ಅಗುಳಿ, ಕೀಲಕ ಅಂದರೆ ಬೆಣೆ. ಶಿವನೇ ಹಾಕಿದ ಕೀಲವಾದರೂ ಬಿಡಿಸದೆ ಫಲವಿಲ್ಲ ಅಂತ ಅದರಲ್ಲೇ ಇದೆ. ನನ್ನ ಮಾತು ಬೇಡ, ಅದನ್ನಾದರೂ ಕೇಳಿ.

ಡಾಕ್ಟರ ಹತ್ತಿರ ಹೋಗಿ ‘ಸ್ವಲ್ಪ ಸುಸ್ತು’ ಅಂದು ಬಂದುಬಿಡಬೇಡಿ. ಬಿಪಿ ಮಾತ್ರೆ ಬದಲಾದ ಮೇಲೆ ಶುರುವಾಯಿತೇ ಹೇಳಿ. ಐದು ನಿಮಿಷ ಮಲಗಿಸಿ ಒಮ್ಮೆ, ಎದ್ದು ನಿಂತ 1 ನಿಮಿಷಕ್ಕೆ ಒಮ್ಮೆ, 3 ನಿಮಿಷಕ್ಕೆ ಒಮ್ಮೆ ಬಿಪಿ ನೋಡಲು ಕೇಳಿ. ನಿಂತಾಗ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ತಲೆಸುತ್ತಿಗೆ ಕಾರಣ ಅದೇ ಇರಬಹುದು. ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ. ಹಂಡೆಯ ಸುಡುನೀರಿಗೆ ರಕ್ತನಾಳ ಹಿಗ್ಗಿ ಬಿಪಿ ಇನ್ನೂ ಇಳಿಯುತ್ತದೆ, ಅದಕ್ಕೇ ಬೆಚ್ಚಗಿನ ನೀರು ಸಾಕು, ಅದೂ ಕೂತು ಸ್ನಾನ ಮಾಡಿ, ಮಣೆ ಬೇಡ, ಪ್ಲಾಸ್ಟಿಕ್ ಸ್ಟೂಲು. ಏಳುವಾಗ ನಿಧಾನ.

ನನಗೇನೂ ಗಾಬರಿಯಾಗಿಲ್ಲ. ಚೆನ್ನಾಗೇ ಇದ್ದೇನೆ, ನಿದ್ದೆ ಚೆನ್ನಾಗಿ ಬರುತ್ತಿದೆ. ದುಡ್ಡಿನ ಯೋಚನೆಯೂ ಬೇಡ, ಲಾಕು, ಆಚಾರ್ರ ಕೂಲಿ, ಬೆಲ್ಲು ಎಲ್ಲ ಸೇರಿಸಿ ಪುಟ್ಟಣ್ಣನ ಖಾತೆಗೆ ಹಾಕಿದ್ದೇನೆ. ಇಲ್ಲೇ ಪಕ್ಕದ ವಿಲನ್‌ಹಾಲ್ ಬೀಗ ಮಾಡುವವರ ಊರು. ಲೋಹ ಹಿಡಿದಿಡುವ ವೈಸಿನ ಮೇಲೆ ಬಗ್ಗಿ ಬಗ್ಗಿ ಕೆಲಸಗಾರರ ಬೆನ್ನು ಗೂನಾಗಿ, ಊರಿಗೇ ‘ಗೂನೂರು’ ಅಂತ ಅಡ್ಡಹೆಸರಿತ್ತಂತೆ. ಅದರ ವಿಚಾರ ಮುಂದಿನ ಪತ್ರದಲ್ಲಿ. ಡಬ್ಬದಿಂದ ಟಪಾಲು ತೆಗೆಯುವ ಹೊತ್ತಾಯಿತು.

ಅಮ್ಮನಿಗೆ, ಅತ್ತೆಗೆ ನಮಸ್ಕಾರ. ಮಕ್ಕಳಿಗೆ ಆಶೀರ್ವಾದ.

ಇಂತಿ ನಿಮ್ಮ ಮಗಳು
ಸುಮ

ಪುಟ್ಟಣ್ಣನಿಗೆ: ಬಾಗಿಲ ದಪ್ಪ ಮೂರು ಕಡೆ ಅಳಿ, ಮೇಲೆ, ನಡುವೆ, ಕೆಳಗೆ. ಕೆಳಗೆ ನೀರು ಕುಡಿದು ಉಬ್ಬಿರುತ್ತದೆ, ಆ ಲೆಕ್ಕ ಹಿಡಿಯಬೇಡ. ನಡುವಿನದನ್ನು ಇವತ್ತೇ ವಾಟ್ಸಾಪ್ ಮಾಡು.