ಕ್ಷಮಿಸಿದರು ಅಂತ ಬರೆಯುವ ಮೊದಲು

ಪ್ರೀತಿಯ ತಮ್ಮಾ,

ಅಮೆರಿಕದ ನಿಕಲ್ ಮೈನ್ಸ್ ಊರಿನ ಅಮಿಶ್ ಶಾಲೆಯಲ್ಲಿ ನಡೆದ ಕೊಲೆಗಳ ಬಗ್ಗೆ ನೀನು ಬರೆದು ಕಳಿಸಿದ ಲೇಖನ ಓದಿದೆ. ಮನಸ್ಸು ಕರಗಿ ಬರೆದಿದ್ದೀಯ, ಅದು ಗೊತ್ತಾಗುತ್ತದೆ. ಆದರೆ ಮೂರನೇ ಪ್ಯಾರಾದ ಒಂದು ಸಾಲು ನನ್ನನ್ನು ತಡೆದು ನಿಲ್ಲಿಸಿತು. "ಅಂದು ಸಂಜೆಯೇ ಅಮಿಶ್ ಜನ ಎಲ್ಲವನ್ನೂ ಮರೆತು ಕ್ಷಮಿಸಿಬಿಟ್ಟರು" ಅಂತ ಬರೆದಿದ್ದೀಯ. ಹಳೆಯ ಕಾಲದ ಸರಳ ಬದುಕನ್ನೇ ಹಿಡಿದುಕೊಂಡ ಆ ಕ್ರೈಸ್ತ ಪಂಗಡದವರು ಏನನ್ನೂ ಮರೆಯಲಿಲ್ಲ. ಕ್ಷಮಿಸಿ ಮುಗಿಸಿಯೂ ಇರಲಿಲ್ಲ. ಈ ಪತ್ರದಲ್ಲಿ ನಾನು ಹೇಳಬೇಕಿರುವುದೆಲ್ಲ ಆ ಒಂದು ಸಾಲಿನ ಬಗ್ಗೆಯೇ.

ಮೊದಲು ಆ ಹುಡುಗಿಯರ ಕಡೆ ನೋಡು. ನಿನ್ನ ಲೇಖನದಲ್ಲಿ ಅವರಿಗೆ ಸಿಕ್ಕಿರುವುದು ಒಂದೆರಡು ಸಾಲು. ಉಳಿದದ್ದೆಲ್ಲ ಕ್ಷಮೆಯ ಹೊಗಳಿಕೆ. 2006ರ ಅಕ್ಟೋಬರ್ 2, ಸೋಮವಾರ ಬೆಳಿಗ್ಗೆ. ಪೆನ್ಸಿಲ್ವೇನಿಯಾದ ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಒಂದೇ ಕೋಣೆಯ ಶಾಲೆ. 32 ವರ್ಷದ ಒಬ್ಬ ಬಂದೂಕು ಹಿಡಿದು ಒಳಗೆ ಬಂದ. ಸುತ್ತಲಿನ ಅಮಿಶ್ ಮನೆಗಳಿಂದ ಹಾಲು ತುಂಬಿಸಿಕೊಂಡು ಹೋಗುತ್ತಿದ್ದ ಲಾರಿಯ ಡ್ರೈವರ್ ಅವನು, ಹತ್ತಿರದಲ್ಲೇ ಮನೆ. ಹುಡುಗರನ್ನೂ ಕೂಸುಗಳಿದ್ದ ಹೆಂಗಸರನ್ನೂ ಹೊರಗೆ ಕಳಿಸಿದ. 6ರಿಂದ 13 ವರ್ಷದ ಹತ್ತು ಹುಡುಗಿಯರನ್ನು ಒಳಗೇ ಕಟ್ಟಿಹಾಕಿದ. ಅವರಲ್ಲಿ ಎಲ್ಲರಿಗಿಂತ ದೊಡ್ಡವಳು, ಚಿಕ್ಕವರು ಉಳಿದುಕೊಳ್ಳಲಿ ಅಂತ, ತನ್ನನ್ನೇ ಮೊದಲು ಹೊಡೆ ಎಂದು ಕೇಳಿಕೊಂಡಳಂತೆ. ಬದುಕುಳಿದವರು ಆಮೇಲೆ ಹೇಳಿದ ಮಾತಿದು. ಐವರು ಸತ್ತರು. ಐವರು ಗಾಯಗೊಂಡು ಉಳಿದರು. ಅವನು ತನಗೂ ಗುಂಡು ಹೊಡೆದುಕೊಂಡ.

ಇಷ್ಟನ್ನು ಓದುಗ ಎದೆಯಲ್ಲಿ ಹೊತ್ತುಕೊಂಡ ಮೇಲೆ ನೀನು ಕ್ಷಮೆಯ ಮಾತೆತ್ತು. ಅದಕ್ಕಿಂತ ಮುಂಚೆ ಎತ್ತಿದರೆ, ಏನನ್ನು ಕ್ಷಮಿಸಿದರು ಅನ್ನುವುದೇ ಅವನಿಗೆ ತಿಳಿಯುವುದಿಲ್ಲ.

ಇನ್ನು ಕ್ಷಮೆಗೆ ಬರೋಣ. "ಕ್ಷಮಿಸಿದರು" ಅಂತ ಬರೆದು ನೀನು ಮುಂದೆ ಹೋಗಿದ್ದೀಯ. ಅವರು ಮಾಡಿದ್ದೇನು ಅಂತ ಹೇಳಬೇಕಿತ್ತು. ಅವತ್ತು ಸಂಜೆ ಕೆಲವು ಅಮಿಶ್ ಗಂಡಸರು ಕೊಲೆಗಾರನ ಹೆಂಡತಿ ಇದ್ದ ಕಡೆ ಹುಡುಕಿಕೊಂಡು ಹೋದರು. ನಿಮ್ಮ ಮೇಲೆ ನಮಗೆ ಸಿಟ್ಟಿಲ್ಲ ಅಂದರು. ಇನ್ನೊಬ್ಬ ಕೊಲೆಗಾರನ ಅಪ್ಪನ ಮನೆಗೆ ಹೋಗಿ, ಅಳುತ್ತಿದ್ದ ಆ ಮುದುಕನನ್ನು ಬಹಳ ಹೊತ್ತು ತಬ್ಬಿಕೊಂಡು ನಿಂತ. ಜಗತ್ತಿನೆಲ್ಲೆಡೆಯಿಂದ ಹಣ ಹರಿದು ಬಂತು. ಅಮಿಶರು ವಿಮೆ ಮಾಡಿಸುವವರಲ್ಲ, ಆಸ್ಪತ್ರೆಯ ಬಿಲ್ಲುಗಳೋ ಬೆಟ್ಟದಷ್ಟು. ಆದರೂ ಹಣ ನೋಡಿಕೊಳ್ಳಲು ಮಾಡಿಕೊಂಡ ಸಮಿತಿ ಕೊಲೆಗಾರನ ಹೆಂಡತಿ ಮಕ್ಕಳಿಗೂ ಒಂದು ಪಾಲು ಎತ್ತಿಟ್ಟಿತು.

ಆಮೇಲೆ ಸ್ಮಶಾನ. ಶನಿವಾರ ಅವನ ಮಣ್ಣು. ಅಮಿಶರು ತಮ್ಮ ಮಕ್ಕಳನ್ನು ಮಣ್ಣು ಮಾಡಿ ಒಂದೆರಡು ದಿನವಾಗಿತ್ತಷ್ಟೆ. ಕ್ಯಾಮೆರಾದವರು ದೂರದಲ್ಲಿ ಕಾದು ನಿಂತಿದ್ದರು. ಆಗ ಪಕ್ಕದ ಒಂದು ಶೆಡ್ಡಿನ ಮರೆಯಿಂದ ಅಮಿಶರು ಹೊರಗೆ ಬಂದರು. ಎತ್ತರದ ಹ್ಯಾಟಿನ ಗಂಡಸರು, ಬಿಳಿ ಟೋಪಿಯ ಹೆಂಗಸರು, ಸುಮಾರು ಮೂವತ್ತು ನಲವತ್ತು ಜನ. ಸಮಾಧಿಗೂ ಕ್ಯಾಮೆರಾಗಳಿಗೂ ನಡುವೆ ಅರ್ಧಚಂದ್ರದ ಆಕಾರದಲ್ಲಿ ನಿಂತುಕೊಂಡರು. ಆ ಹೆಂಡತಿ, ಆ ತಾಯಿ ಅಳುವುದು ಯಾರ ಫೋಟೋದಲ್ಲೂ ಬೀಳಬಾರದು ಅಂತ. ಕೊಲೆಗಾರನ ತಾಯಿಯೇ ಮುಂದೆ ಇದನ್ನು ಹೇಳಿಕೊಂಡರು. ಈ ಒಂದು ದೃಶ್ಯ ನಿನ್ನ ಲೇಖನದಲ್ಲಿ ಇಲ್ಲ. "ದೈವತ್ವ" ಅನ್ನುವ ಮಾತು ಮಾತ್ರ ನಾಲ್ಕಾರು ಕಡೆ ಇದೆ. ಆ ಮಾತನ್ನೆಲ್ಲ ತೆಗೆದುಹಾಕಿ ಈ ಬೆನ್ನುಗಳ ಗೋಡೆಯನ್ನು ಬರೆ.

ಅವರನ್ನು ದೇವರು ಮಾಡಬೇಡ ಅಂತ ಯಾಕೆ ಇಷ್ಟು ಹಟ ಹಿಡಿಯುತ್ತೇನೆ ಅಂದರೆ, ದೇವರು ಮಾಡಿದ ಕೂಡಲೇ ಓದುಗ ತಪ್ಪಿಸಿಕೊಳ್ಳುತ್ತಾನೆ. "ಅವರು ದೊಡ್ಡವರು, ನಮ್ಮಿಂದ ಆಗುತ್ತಾ" ಅಂದು ಪುಟ ತಿರುವುತ್ತಾನೆ. ಅಮಿಶರು ತಮ್ಮನ್ನು ದೊಡ್ಡವರು ಅಂದುಕೊಂಡಿಲ್ಲ. ಯೇಸು ಕಲಿಸಿದ ಪ್ರಾರ್ಥನೆಯನ್ನು ಅವರು ದಿನಕ್ಕೆ ಎಷ್ಟೋ ಸಲ ಹೇಳುತ್ತಾರೆ. ನಾವು ಇನ್ನೊಬ್ಬರನ್ನು ಕ್ಷಮಿಸಿದ ಹಾಗೆ ನಮ್ಮನ್ನು ಕ್ಷಮಿಸು ಅನ್ನುವುದು ಅದರಲ್ಲೇ ಇದೆ. ಅದರ ಬೆನ್ನಿಗೇ ಮತ್ತಾಯನ ಸುವಾರ್ತೆಯಲ್ಲಿ, ನೀವು ಕ್ಷಮಿಸದಿದ್ದರೆ ನಿಮಗೂ ಕ್ಷಮೆ ಇಲ್ಲ ಅನ್ನುವ ಮಾತು ಬರುತ್ತದೆ. ಅವರು ಅದನ್ನು ಅಕ್ಷರಕ್ಕೆ ಅಕ್ಷರ ನಂಬುತ್ತಾರೆ. ಹಾಗಾಗಿ ಅವರಿಗೆ ಕ್ಷಮೆ ಮನಸ್ಸು ಬಂದರೆ ಮಾಡುವ ದೊಡ್ಡಸ್ತಿಕೆ ಅಲ್ಲ. ಮಾಡಲೇಬೇಕಾದದ್ದು.

ಕಥೆಗಳೂ ಅಂಥವೇ. ಅಮಿಶರು 1693ರ ಸುಮಾರಿಗೆ ಯಾಕೋಬ್ ಅಮ್ಮನ್ ಅನ್ನುವವನ ಹಿಂದೆ ಬೇರೆಯಾದವರು. ಅವರ ಬೇರು ಇನ್ನೂ ಹಿಂದಿನ ಅನಾಬ್ಯಾಪ್ಟಿಸ್ಟರಲ್ಲಿ, ಅಂದರೆ ದೊಡ್ಡವರಾದ ಮೇಲೆಯೇ ದೀಕ್ಷಾಸ್ನಾನ ಅನ್ನುವ ಕ್ರೈಸ್ತರಲ್ಲಿ ಇದೆ. ಯುರೋಪಿನಲ್ಲಿ ಅವರನ್ನು ಸುಟ್ಟಿದ್ದಾರೆ, ನೀರಲ್ಲಿ ಮುಳುಗಿಸಿ ಕೊಂದಿದ್ದಾರೆ. ನೆದರ್ಲೆಂಡ್ಸಿನ ಡಿರ್ಕ್ ವಿಲೆಮ್ಸ್ ಎಂಬುವನು ಸೆರೆಯಿಂದ ತಪ್ಪಿಸಿಕೊಂಡು ಹೆಪ್ಪುಗಟ್ಟಿದ ನೀರಿನ ಮೇಲೆ ಓಡುತ್ತಿದ್ದಾಗ, ಅಟ್ಟಿಸಿಕೊಂಡು ಬಂದವನ ಕಾಲ ಕೆಳಗೆ ಮಂಜುಗಡ್ಡೆ ಒಡೆಯಿತು. ಡಿರ್ಕ್ ವಾಪಸ್ ಬಂದು ಅವನನ್ನು ಮೇಲಕ್ಕೆಳೆದ. ಅದರಿಂದಲೇ ಸಿಕ್ಕಿಬಿದ್ದ. 1569ರಲ್ಲಿ ಅವನನ್ನು ಸುಟ್ಟರು. ಅಮಿಶ್ ಮಕ್ಕಳು ಈ ಕಥೆ ಕೇಳುತ್ತಲೇ ಬೆಳೆಯುತ್ತಾರೆ. ಮಳೆ ಶುರುವಾದ ಮೇಲೆ ಯಾರೂ ಹೆಂಚು ಹೊದಿಸಲು ಆಗಲ್ಲ. ಅವರ ಮಾಡು ಮುನ್ನೂರು ವರ್ಷದಿಂದ ಹೊದಿಸಿಯೇ ಇತ್ತು. ಅದಕ್ಕೇ ಅವತ್ತು ಸಂಜೆಗೇ ಅವರು ಹೊರಡಲು ಸಾಧ್ಯವಾಯಿತು.

ಹೊರಟದ್ದು ಸಂಜೆಗೇ ಆದರೂ ಮನಸ್ಸು ಅಷ್ಟು ಬೇಗ ಜೊತೆಗೆ ಬರಲಿಲ್ಲ. ಸೇಡು ತೀರಿಸಿಕೊಳ್ಳುವುದಿಲ್ಲ, ಅವನ ಮನೆಯವರನ್ನು ಹಗೆಯಾಗಿ ನೋಡುವುದಿಲ್ಲ ಅಂತ ತೀರ್ಮಾನ ಮಾಡಿದ್ದು ಒಂದು. ಒಳಗಿನ ಸಿಟ್ಟು, ಸಂಕಟ ಕರಗುವುದು ಇನ್ನೊಂದು, ಅದಕ್ಕೆ ವರ್ಷಗಟ್ಟಲೆ ಬೇಕು. ಮತ್ತೆ ಮತ್ತೆ ಕ್ಷಮಿಸಬೇಕಾಗುತ್ತದೆ ಅಂತ ಆ ಅಪ್ಪ ಅಮ್ಮಂದಿರೇ ಹೇಳಿದ್ದಾರೆ. ಹೊರಗಿನ ಮನೋವೈದ್ಯರ, ಆಪ್ತಸಮಾಲೋಚಕರ ಸಹಾಯವನ್ನೂ ಪಡೆದರು. ಶಾಲೆಯ ಕಟ್ಟಡವನ್ನು ಹತ್ತೇ ದಿನಕ್ಕೆ ನೆಲಸಮ ಮಾಡಿ ಹುಲ್ಲುಗಾವಲಾಗಲು ಬಿಟ್ಟರು. 2007ರ ಏಪ್ರಿಲ್‌ನಲ್ಲಿ ಬೇರೆ ಜಾಗದಲ್ಲಿ ನ್ಯೂ ಹೋಪ್ ಶಾಲೆ ತೆರೆಯಿತು. ಎಲ್ಲವನ್ನೂ ಮರೆತ ಜನ ಆ ಕಟ್ಟಡವನ್ನು ಕೆಡವುತ್ತಿರಲಿಲ್ಲ ಅಲ್ವಾ?

ಒಬ್ಬ ಹುಡುಗಿಯ ತಲೆಗೆ ಗುಂಡು ತಗುಲಿತ್ತು. ಆಗ ಅವಳಿಗೆ ಆರು ವರ್ಷ. ಬದುಕಿದಳು, ಆದರೆ ನಡಿಗೆ ಇಲ್ಲ, ಮಾತು ಇಲ್ಲ, ಗಾಲಿಕುರ್ಚಿಯೇ ಗತಿ. ಕೊಲೆಗಾರನ ತಾಯಿ ವರ್ಷಗಳ ಕಾಲ ವಾರಕ್ಕೊಂದು ಸಂಜೆ, ಗುರುವಾರ, ಆ ಮನೆಗೆ ಹೋಗುತ್ತಿದ್ದರು. ಅವಳಿಗೆ ಸ್ನಾನ ಮಾಡಿಸುತ್ತಿದ್ದರು, ಕಥೆ ಓದುತ್ತಿದ್ದರು, ಹಾಡು ಹೇಳುತ್ತಿದ್ದರು. ಬಾಗಿಲು ತೆಗೆದ ಅಮ್ಮನ ಜಾಗದಲ್ಲಿ ನಿಂತು ಒಮ್ಮೆ ಯೋಚಿಸು. ಎದುರಿಗಿದ್ದಾಳೆ ತನ್ನ ಮಗಳನ್ನು ಹಾಗೆ ಮಾಡಿದವನ ಹೆತ್ತಮ್ಮ. ಪ್ರತಿ ಗುರುವಾರ ಬಾಗಿಲು ತೆಗೆಯಬೇಕು. ಆ ಹೆಂಗಸೂ ಪ್ರತಿ ಗುರುವಾರ ಬಾಗಿಲು ತಟ್ಟಬೇಕು. ಆಕೆ 2017ರಲ್ಲಿ ತೀರಿಕೊಂಡರು. ಆ ಹುಡುಗಿ 2024ರಲ್ಲಿ. ನಿನ್ನ ಲೇಖನ ಮುಗಿಯುವುದು 2006ರಲ್ಲೇ.

ಇಷ್ಟೆಲ್ಲ ಹೇಳಿದ ಮೇಲೂ ನೀನು ಮುಚ್ಚಿಡಬಾರದ ವಿಷಯಗಳಿವೆ. ಕೊಲೆಗಾರ ಸತ್ತಿದ್ದ. ಕೋರ್ಟಿನಲ್ಲಿ ಅವನ ಮುಖ ನೋಡಬೇಕಾಗಲಿಲ್ಲ, ಬಿಡುಗಡೆಯ ಭಯವೂ ಇರಲಿಲ್ಲ. ಎರಡನೆಯದು, ತಮ್ಮವರೇ ದೀಕ್ಷಾಸ್ನಾನದ ಮಾತು ಮುರಿದು ಪಶ್ಚಾತ್ತಾಪ ಪಡದಿದ್ದರೆ ಅಮಿಶರು ಅವರನ್ನು ದೂರ ಇಡುತ್ತಾರೆ, ಜೊತೆಗೆ ಕೂತು ಊಟ ಕೂಡ ಮಾಡುವುದಿಲ್ಲ. ಹೊರಗಿನ ಕೊಲೆಗಾರನಿಗೆ ಸಿಕ್ಕಿದ್ದು ಒಳಗಿನವರಿಗೆ ಸುಲಭವಾಗಿ ಸಿಗುವುದಿಲ್ಲ. ಮೂರನೆಯದು ಇನ್ನೂ ಕಷ್ಟದ್ದು. ಅಮಿಶ್ ಮನೆಗಳೊಳಗೆ ಲೈಂಗಿಕ ದೌರ್ಜನ್ಯ ನಡೆದಾಗ, ತಪ್ಪು ಮಾಡಿದವನು ಸಭೆಯ ಮುಂದೆ ಒಪ್ಪಿಕೊಂಡ, ಇನ್ನು ಕ್ಷಮಿಸಿಬಿಡು ಅಂತ ಹುಡುಗಿಯರ ಮೇಲೆ ಒತ್ತಡ ಹಾಕಿದ ಪ್ರಕರಣಗಳು ವರದಿಯಾಗಿವೆ. ಪೊಲೀಸರ ತನಕ ಹೋಗಲೇ ಬಿಡದೆ. ಅದೇ ಕಲಿಕೆ, ಅದೇ ಪ್ರಾರ್ಥನೆ. ಇದನ್ನು ಬಿಟ್ಟು ಬರೆದರೆ ನಿನ್ನ ಲೇಖನ ಅಂಥ ಯಾವುದೋ ಹುಡುಗಿಯ ವಿರುದ್ಧವೇ ನಿಂತ ಹಾಗಾಗುತ್ತದೆ. ದಯವಿಟ್ಟು ಬಿಡಬೇಡ.

ಕೊನೆಗೆ ನೀನು ಕೇಳಿದ್ದೀಯ, ಬೇರೆಯವರಿಂದ ಇದು ಆಗುತ್ತದೆಯೇ ಅಂತ. ಆಗಿದೆ. 1999ರ ಜನವರಿಯಲ್ಲಿ ಒಡಿಶಾದ ಮನೋಹರಪುರದಲ್ಲಿ ಆಸ್ಟ್ರೇಲಿಯಾದ ಮಿಷನರಿ ಗ್ರಹಾಂ ಸ್ಟೇನ್ಸ್ ಮತ್ತು ಅವರ ಇಬ್ಬರು ಚಿಕ್ಕ ಗಂಡುಮಕ್ಕಳನ್ನು, ಮಲಗಿದ್ದ ವಾಹನದಲ್ಲೇ ಜೀವಂತ ಸುಟ್ಟರು. ಹೆಂಡತಿ ಗ್ಲಾಡಿಸ್ ಕೊಂದವರನ್ನು ಕ್ಷಮಿಸಿದ್ದೇನೆ ಅಂದರು. ಅಂದು ಆಸ್ಟ್ರೇಲಿಯಾಕ್ಕೆ ಹೊರಟುಬಿಡಲಿಲ್ಲ. ಬಾರಿಪದದಲ್ಲಿ ಕುಷ್ಠರೋಗಿಗಳ ನಡುವೆಯೇ ಇನ್ನೂ ಕೆಲವು ವರ್ಷ ಇದ್ದು ಕೆಲಸ ಮಾಡಿದರು. ಕೋರ್ಟು ತನ್ನ ದಾರಿಯಲ್ಲಿ ಶಿಕ್ಷೆ ಕೊಟ್ಟಿತು, ಎರಡೂ ಒಟ್ಟಿಗೆ ನಡೆದವು. 2015ರಲ್ಲಿ ಅಮೆರಿಕದ ಚಾರ್ಲ್ಸ್‌ಟನ್‌ನಲ್ಲಿ ಕಪ್ಪು ಜನರ ಚರ್ಚೊಂದರಲ್ಲಿ ಒಬ್ಬ ಯುವಕ ಒಂಬತ್ತು ಜನರನ್ನು ಕೊಂದಾಗ, ಎರಡೇ ದಿನದಲ್ಲಿ ಕೆಲವು ಮನೆಯವರು ಕೋರ್ಟಿನಲ್ಲಿ ಆ ಯುವಕನಿಗೆ ಕ್ಷಮಿಸಿದ್ದೇನೆ ಅಂದರು. ಇನ್ನು ಕೆಲವರು ಅನ್ನಲಿಲ್ಲ. ಪತ್ರಿಕೆಗಳು ಅಂದವರ ಮಾತನ್ನೇ ಜಾಸ್ತಿ ಎತ್ತಿ ಹಿಡಿದವು. ಅನ್ನದಿದ್ದವರ ನೋವು ಅದಕ್ಕಿಂತ ಸಣ್ಣದೇ? ನೀನು ಅವರಿಗೂ ಜಾಗ ಕೊಡು, ಅದೇ ಗೌರವದಿಂದ.

ನನ್ನ ಅಭಿಪ್ರಾಯ ಕೇಳಿದರೆ, ಒಬ್ಬಂಟಿಯಾಗಿ ಇದು ಬಹಳ ಕಷ್ಟ. ನಿಕಲ್ ಮೈನ್ಸಿನಲ್ಲಿ ಮಗಳನ್ನು ಕಳೆದುಕೊಂಡವರಿಗೆ ಅಡುಗೆ ಮಾಡಿ ತಂದುಕೊಟ್ಟವರಿದ್ದರು, ಹಸು ಕರೆದುಕೊಟ್ಟವರಿದ್ದರು. ಆ ಸಂಜೆ ಮೊದಲು ಬಾಗಿಲು ತಟ್ಟಿದವರೂ ಅಕ್ಕಪಕ್ಕದವರೇ, ಮಕ್ಕಳನ್ನು ಕಳೆದುಕೊಂಡವರಲ್ಲ. ಅಪ್ಪ ಅಮ್ಮಂದಿರ ಪರವಾಗಿ ಇಡೀ ಊರು ಮೊದಲ ಭಾರ ಹೊತ್ತಿತು. ನಮ್ಮಲ್ಲಿ ಟಿವಿಯವರು ಹೆಣದ ಮುಂದೆಯೇ ಮೈಕು ಹಿಡಿದು "ಕ್ಷಮಿಸುತ್ತೀರಾ?" ಅಂತ ಅಮ್ಮನನ್ನು ಕೇಳುತ್ತಾರೆ. ಆ ಪ್ರಶ್ನೆ ಕೇಳುವ ಹಕ್ಕು ಅವರಿಗೂ ಇಲ್ಲ, ಬರೆಯುವ ನಮಗೂ ಇಲ್ಲ. "ಅವಳಿಗೆ ಅಡುಗೆ ಮಾಡಿ ತಂದುಕೊಟ್ಟವರು ಯಾರಿದ್ದರು" ಅಂತ ಕೇಳಬಹುದು. ನಿನ್ನ ಕೊನೆಯ ಪ್ಯಾರಾದ ಪ್ರಶ್ನೆಯನ್ನು ಆ ಕಡೆಗೆ ತಿರುಗಿಸಿ ನೋಡು.

ತಿದ್ದಿದ ಮೇಲೆ ಕಳಿಸು. ಉದ್ದವಾದರೆ ಆಗಲಿ, ಸಂಪಾದಕರ ಹತ್ತಿರ ನಾನು ಮಾತಾಡುತ್ತೇನೆ. ಗುರುವಾರದ ಭಾಗ ಮಾತ್ರ ಅವಸರದಲ್ಲಿ ಬರೆಯಬೇಡ.

ಇಂತಿ,
ನಿನ್ನ ಅಕ್ಕ