ಕಾಲೇಜು ಮಾಹಿತಿ ವ್ಯವಸ್ಥೆ: ಶನಿವಾರದೊಳಗೆ ಒಂದು ಹಾಳೆ ಕೊಡಿ
ಎಲ್ಲರಿಗೂ ನಮಸ್ಕಾರ. ಕಾಲೇಜಿನ ಎಲ್ಲ ವಿಭಾಗಗಳ ದಾಖಲೆಯನ್ನು ಕಂಪ್ಯೂಟರಿನಲ್ಲಿ ಒಂದೇ ಕಡೆ ತರುವ ಯೋಚನೆ ಇದು. ಅದಕ್ಕೆ ಯಾವ ಸಾಫ್ಟ್‌ವೇರ್ ಅನ್ನೋದು ಆಮೇಲಿನ ಮಾತು. ಮೊದಲು ನಿಮ್ಮ ವಿಭಾಗದಲ್ಲಿ ಯಾವ್ಯಾವ ರಿಜಿಸ್ಟರ್ ಇವೆ, ಯಾರು ಬರೆಯುತ್ತಾರೆ, ಯಾರಿಗೆ ಬೇಕು, ಇಷ್ಟನ್ನು ಬರೆದು ಕೊಡಿ.

ಈಗ ಒಬ್ಬಳೇ ವಿದ್ಯಾರ್ಥಿನಿಯ ಹೆಸರು ಆಫೀಸಿನಲ್ಲಿ ಒಂದು ಥರ, ಲೈಬ್ರರಿಯಲ್ಲಿ ಇನ್ನೊಂದು ಥರ. ಇನಿಷಿಯಲ್ ಹಿಂದೆಮುಂದೆ ಆದರೆ ಸಾಕು, ಕಂಪ್ಯೂಟರಿಗೆ ಅವರು ಇಬ್ಬರು! ಹೆಸರು ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಇದ್ದಂತೆಯೇ ಇರಲಿ. ವಿಶ್ವವಿದ್ಯಾಲಯದ ರಿಜಿಸ್ಟರ್ ನಂಬರ್ ಬರುವುದು ತಡ. ಹಾಗಾಗಿ ನಮ್ಮ ಅಡ್ಮಿಷನ್ ನಂಬರನ್ನೇ ಎಲ್ಲ ಕಡೆ ಗುರುತಾಗಿ ಇಟ್ಟುಕೊಳ್ಳೋಣ.

ಜಾತಿ, ಆದಾಯದ ವಿವರ ಸ್ಕಾಲರ್‌ಶಿಪ್ ನೋಡುವವರಿಗೆ ಮಾತ್ರ ಕಾಣಬೇಕು. ಇದರಲ್ಲಿ ರಾಜಿ ಇಲ್ಲ.

ನ್ಯಾಕ್ (ಕಾಲೇಜುಗಳ ಗುಣಮಟ್ಟ ನೋಡಿ ಮಾನ್ಯತೆ ಕೊಡುವ ಸಂಸ್ಥೆ), ಎಐಎಸ್‌ಎಚ್‌ಇ (ಕೇಂದ್ರ ಸರ್ಕಾರದ ಉನ್ನತ ಶಿಕ್ಷಣ ಸಮೀಕ್ಷೆ) ಕೇಳುವ ಅಂಕಿಗಳೂ ಈ ವ್ಯವಸ್ಥೆಯಿಂದಲೇ ಬರಬೇಕು. ಪ್ರತಿ ವರ್ಷ ರಾತ್ರಿ ಕೂತು ಎಣಿಸಿದ್ದು ಸಾಕಲ್ವಾ? ಹಳೇ ನಮೂನೆಗಳಿದ್ದರೆ ಫೋಟೋ ತೆಗೆದು ಇಲ್ಲೇ ಹಾಕಿ. ವಿದ್ಯಾರ್ಥಿಗಳ ವಿವರ ಇರುವ ಪುಟ ಮಾತ್ರ ಬೇಡ.